ಸಪ್ಪೆ ಪಾತ್ರೆ

ಮಾರ್ಚ್ ೪, ಮಂಗಳವಾರ

ಅಡುಗೆಮನೆಗೆ ಬೀಗ ಬಿದ್ದು ಇವತ್ತಿಗೆ ಐದು ದಿನ. ನಾನು ಹೇಳಿದ್ದನ್ನೇ ಹೇಳುತ್ತಿದ್ದೇನಂತೆ, ಕೇಳಿ ಕೇಳಿ ಅಕ್ಕನ ಕಿವಿ ತೂತು ಬಿದ್ದಿದೆಯಂತೆ. “ಗೊಣಗೋದನ್ನೆಲ್ಲ ಇದ್ರಲ್ಲಿ ಬರಿ, ನನ್ನ ಕಿವಿಗೂ ಸ್ವಲ್ಪ ರಜ ಸಿಗ್ಲಿ” ಎಂದು ಖಾಲಿ ನೋಟುಪುಸ್ತಕ ಒಂದನ್ನು ಮುಂದೆ ಎಸೆದು ಹೋದಳು. ಸರಿ, ಬರೆಯುತ್ತೇನೆ. ಪುಸ್ತಕವಾದರೂ ಎದುರು ಮಾತಾಡುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯ ಅಡುಗೆಮನೆ ನನ್ನ ಕೈಯಲ್ಲಿದೆ. ನನ್ನ ಕೆಳಗೆ ಒಂಬತ್ತು ಜನ. ಎಲ್ಲರಿಗೂ ನಾನು ಸೌಟಣ್ಣ, ದೊಡ್ಡ ಡಾಕ್ಟರಿಗೂ ಸಹ. ನನ್ನ ಮಾಂಸದ ಸೂಪು ಕುಡಿಯಲೆಂದೇ ಇನ್ನೊಂದು ದಿನ ಮಲಗಿದ್ದು ಹೋಗುತ್ತೇನೆ ಎಂದ ರೋಗಿಗಳಿದ್ದಾರೆ. ಅಂಥ ಸೂಪು ಕುಡಿದು ಮೂವತ್ತೊಂದು ಜನ ಹೊಟ್ಟೆ ಹಿಡಿದುಕೊಂಡರಂತೆ. ನಂಬುವ ಮಾತೇ? ಕಲ್ಲು ಹಾಕಿದರೂ ಬೇಯುವಷ್ಟು ಕುದಿಸುತ್ತೇನೆ. ಕುದಿದ ಮೇಲೆ ಯಾವ ಕ್ರಿಮಿ ಉಳಿದೀತು? ನೀರಿನಲ್ಲಿ ಏನೋ ಇತ್ತು, ಇಲ್ಲವೇ ತಟ್ಟೆ ತೊಳೆಯುವವರು ತೊಳೆದಿಲ್ಲ. ಹಾಗೆಂದರೆ ಅಕ್ಕ, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎನ್ನುತ್ತಾಳೆ.

ಎಲ್ಲರೂ ಚೇತರಿಸಿಕೊಂಡಿದ್ದಾರೆ. ಒಬ್ಬ ಮುದುಕಿಗೆ ಮಾತ್ರ ಇನ್ನೂ ಡ್ರಿಪ್ ಹಾಕಿದ್ದಾರೆ. ಬಾಗಿಲವರೆಗೆ ಹೋಗಿ ನೋಡಿ ಬಂದೆ, ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಮಾರ್ಚ್ ೬, ಗುರುವಾರ

ಪ್ರಯೋಗಾಲಯದಿಂದ ಒಬ್ಬ ಹೆಂಗಸನ್ನು ಕಳಿಸಿದ್ದಾರೆ. ಐವತ್ತು ದಾಟಿದವರು, ಗಿಡ್ಡ ಆಳು, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದೆ. ಮಾತು ಮಾತಿಗೂ “ಎಷ್ಟು ಡಿಗ್ರಿ ಇತ್ತು?” ಎಂದು ಕೇಳುತ್ತಾರೆ. ಇಷ್ಟು ವರ್ಷ ಪಾತ್ರೆಯ ಮೇಲೆ ಕೈ ಇಟ್ಟು ಬಿಸಿ ಹೇಳಿದವನು ನಾನು. ನನ್ನ ಕೆಳಗಿನ ಒಲೆಯವಳಿಗೆ ಚಟಾಕಿ ಎಂದೇ ಹೆಸರು, ಅವಳು ಹತ್ತು ನಿಮಿಷದಲ್ಲಿ ಇವರಿಗೆ ಡಿಗ್ರಿ ಮೇಡಂ ಎಂದು ನಾಮಕರಣ ಮಾಡಿಬಿಟ್ಟಳು.

ಸೂಪು ಹೇಗೆ ಮಾಡಿದೆ ಎಂದು ಮೇಡಂ ಕೇಳಲೇ ಇಲ್ಲ. ಮಾಡಿದ ಮೇಲೆ ಏನಾಯಿತು ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಮಧ್ಯಾಹ್ನ ಇಳಿಸಿ, ಪಾತ್ರೆಗೆ ಕಂಬಳಿ ಸುತ್ತಿ ಇಡುತ್ತೇನೆ, ರೋಗಿಗಳಿಗೆ ಸಂಜೆ ಬಿಸಿಬಿಸಿ ಸಿಗುತ್ತದೆ. ಇದು ನನಗೆ ಕೆಲಸ ಕಲಿಸಿದವರ ಪದ್ಧತಿ, ಒಲೆ ಬೇರೆ ಅಡುಗೆಗೆ ಬಿಡುವಾಗುತ್ತದೆ. ಆ ದಿನ ಯಾರೋ ಪುಣ್ಯಾತ್ಮರು ವಾರ್ಡಿಗೆಲ್ಲ ಬ್ರೆಡ್ಡು, ಹಣ್ಣು ಹಂಚಿದರು. ಸಂಜೆ ಸೂಪು ಯಾರಿಗೂ ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಕಂಬಳಿ ಬಿಚ್ಚಿದರೆ ಇನ್ನೂ ಬೆಚ್ಚಗಿತ್ತು, ಘಮಘಮ ಅನ್ನುತ್ತಿತ್ತು. ಹಾಗೆಯೇ ಬಡಿಸಿದೆವು. ಇಪ್ಪತ್ತೆರಡು ಗಂಟೆ ಬಿಸಿ ಹಿಡಿದಿಟ್ಟ ಕಂಬಳಿ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಮೇಡಂ ಬರೆದುಕೊಂಡರು.

ಮಾರ್ಚ್ ೮, ಶನಿವಾರ

ಏನು ಬರೆಯಲಿ.

ನಿನ್ನೆ ಎರಡು ಗಂಟೆಗೆ ಮೇಡಂ ಅದೇ ಪಾತ್ರೆಯಲ್ಲಿ ನೀರು ಕುದಿಸಿ, ನನ್ನ ಕೈಯಿಂದಲೇ ಕಂಬಳಿ ಸುತ್ತಿಸಿದರು. ಇವತ್ತು ಹನ್ನೆರಡಕ್ಕೆ ಬಿಚ್ಚಿ, ಉದ್ದ ಕಡ್ಡಿಯ ಥರ್ಮಾಮೀಟರನ್ನು ನನ್ನ ಕೈಗೇ ಕೊಟ್ಟು ಓದಿಸಿದರು. ನಲವತ್ತೈದು.

ಆಮೇಲೆ ತಲೆಕೆಳಗು ಮಾಡಿಟ್ಟಿದ್ದ ತರಕಾರಿ ಡಬ್ಬದ ಮೇಲೆ ಕೂತು ತಿಳಿಸಿ ಹೇಳಿದರು. ಮಾಂಸದಲ್ಲಿ ಬರುವ ಒಂದು ಜಾತಿ ಬ್ಯಾಕ್ಟೀರಿಯಾ ಬಿಸಿ ತಾಗುವ ಮೊದಲೇ ಬೀಜದಂತೆ ಗಟ್ಟಿ ಸಿಪ್ಪೆಯೊಳಗೆ ಅಡಗಿರುತ್ತದಂತೆ. ಕುದಿತಕ್ಕೆ ಬೇರೆಯವೆಲ್ಲ ಸಾಯುತ್ತವೆ, ಇದು ಸಾಯದು. ಸೂಪು ಸುಡುವಷ್ಟು ಬಿಸಿ ಇರುವ ತನಕ ತೆಪ್ಪಗಿರುತ್ತದೆ. ಉಗುರುಬೆಚ್ಚಗಾಯಿತೋ ಮೊಳೆಯುತ್ತದೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಸಂಜೆಯೇ ಬಡಿಸುತ್ತಿದ್ದಷ್ಟು ದಿನ ನನ್ನ ಸೂಪು ಸುಡುವಂತೆಯೇ ಇರುತ್ತಿತ್ತು, ಏನೂ ಆಗಲಿಲ್ಲ. ಆ ಒಂದು ದಿನ ಮಾತ್ರ ಇಡೀ ಬೆಳಗು ನಾನು ಅವಕ್ಕೆ ಕಂಬಳಿ ಹೊದಿಸಿ ಸಾಕಿದ್ದೆ.

“ತಪ್ಪು ನಂದೇನಾ ಮೇಡಂ?” ಎಂದು ಕೇಳಿದೆ.

“ತಪ್ಪು ನಿಮ್ದೇ ಯಜಮಾನ್ರೇ. ಆದ್ರೆ ಕೆಟ್ಟ ಮನಸ್ಸಿಂದ ಆಗಿದ್ದಲ್ಲ” ಎಂದರು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮನೆಗೆ ಬಂದು ಅಕ್ಕನ ಎದುರು ಮುಖ ಮುಚ್ಚಿಕೊಂಡು ಅತ್ತೆ. ಅವಳೂ ಗೇಲಿ ಮಾಡಲಿಲ್ಲ.

ಮಾರ್ಚ್ ೧೧, ಮಂಗಳವಾರ

ಇವತ್ತು ಒಳಗೆ ಹೋದೆ. ಆ ಮುದುಕಿ ಎದ್ದು ಕೂತು ಗೋಡೆ ನೋಡುತ್ತಿದ್ದರು. ನಾನು ಯಾರು ಎಂದು ಹೇಳಿದೆ, ಕಂಬಳಿಯ ವಿಷಯವನ್ನೂ ಹೇಳಿದೆ. ಇನ್ನು ಸುತ್ತಬೇಡ ಎಂದರು, ಅಷ್ಟೇ.

ದೊಡ್ಡ ಡಾಕ್ಟರು ಆಡಳಿತ ಸಮಿತಿಯ ನಿರ್ಧಾರ ತಿಳಿಸಿದರು. ಹೊರಗಿನ ಗುತ್ತಿಗೆದಾರನಿಗೆ ಊಟ ವಹಿಸಿ ನಮ್ಮ ಅಡುಗೆಮನೆ ಮುಚ್ಚಬೇಕು ಎಂಬುದು ಅವರ ಮನಸ್ಸು. ತಡೆದವರು ಮೇಡಂ. ಲವಂಗ, ದಾಲ್ಚಿನ್ನಿ, ನಿಂಬೆರಸ, ವಿನೆಗರ್ ಸೇರಿಸಿ ಅವರು ನಾಲ್ಕು ವರ್ಷದಿಂದ ಒಂದು ಮಿಶ್ರಣ ಮಾಡುತ್ತಿದ್ದಾರೆ. ಬೆಂದ ಆಹಾರ ತಣ್ಣಗಾಗುವಾಗ ಆ ಬೀಜಗಳು ಮೊಳೆಯದಂತೆ ಇದು ತಡೆಯಬೇಕು. ಬೇಗ ತಣಿಸುವುದು ಮೊದಲ ಬೀಗವಾದರೆ ಮಿಶ್ರಣ ಎರಡನೆಯ ಬೀಗ. ನಮ್ಮ ಸೂಪಿನಲ್ಲಿ ಅದು ಕೆಲಸ ಮಾಡಿತು ಎಂದು ತೋರಿಸಿದರೆ ಅಡುಗೆಮನೆ ತೆರೆಯುತ್ತದೆ. ತೋರಿಸಲಾಗದಿದ್ದರೆ ನಾವು ಹತ್ತೂ ಜನ ಮನೆಗೆ. ಮೇಡಂ ಕೆಲಸಕ್ಕೂ ಇದೇ ಕೊನೆಯ ಅವಕಾಶವಂತೆ. ಅದನ್ನು ಅವರು ಹೇಳಲಿಲ್ಲ, ದೊಡ್ಡ ಡಾಕ್ಟರು ಹೇಳಿದರು.

ಮಾರ್ಚ್ ೧೩, ಗುರುವಾರ

ಮಿಶ್ರಣ ಹಾಕಿದ ಸೂಪು ಇವತ್ತು ಮೊದಲ ಸಲ ಬಾಯಿಗೆ ಬಿತ್ತು. ರಾಮರಾಮಾ. ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆಯನ್ನು ಬಟ್ಟಲು ತುಂಬ ಕುಡಿದ ಹಾಗಾಯಿತು. ಚಟಾಕಿ ಒಂದು ಗುಟುಕು ಕುಡಿದು, “ಇದ್ರಲ್ಲಿ ಬ್ಯಾಕ್ಟೀರಿಯಾ ಬದುಕಲ್ಲ ಮೇಡಂ, ರೋಗಿನೂ ಬದುಕಲ್ಲ” ಎಂದಳು. ಮೇಡಂ ಕೋಪಿಸಿಕೊಳ್ಳುತ್ತಾರೆ ಎಂದು ನಾನು ನೆಲ ನೋಡುತ್ತ ನಿಂತೆ. ಅವರು ಅದನ್ನೂ ಬರೆದುಕೊಂಡರು. ತಿನ್ನಲಾಗದ ಊಟ ಎಷ್ಟು ಸುರಕ್ಷಿತವಾಗಿದ್ದರೂ ತಿಪ್ಪೆಗೇ ಹೋಗುತ್ತದೆ, ಪ್ರಯೋಗಾಲಯದಲ್ಲಿ ಇದನ್ನು ಹೇಳುವವರು ಯಾರೂ ಇರಲಿಲ್ಲ ಎಂದರು.

ಆಮೇಲೆ ಸಂಜೆಯ ತನಕ ನನ್ನ ನಾಲಿಗೆಗೆ ಕೆಲಸ. ಲವಂಗ ಅರ್ಧಕ್ಕೆ ಇಳಿಸಿ ನಿಂಬೆ ಏರಿಸಿದೆವು, ಹುಳಿ ಮುಂದಾಯಿತು. ವಿನೆಗರ್ ಸ್ವಲ್ಪ ಏರಿಸಿ ದಾಲ್ಚಿನ್ನಿ ಇಳಿಸಿದೆವು. ಈರುಳ್ಳಿಯನ್ನು ಇನ್ನಷ್ಟು ಕೆಂಪಗೆ ಹುರಿದರೆ ಅದರ ಸಿಹಿ ಹುಳಿಯನ್ನು ನುಂಗುತ್ತದೆ ಎಂದು ನಾನು ಹೇಳಿದೆ. ಹಾಗೇ ಆಯಿತು. ಒಂದೊಂದೇ ಇದ್ದರೆ ಬಹಳ ಬೇಕಾಗುವ ಸಾಮಾನು ನಾಲ್ಕೂ ಸೇರಿದರೆ ಸ್ವಲ್ಪದಲ್ಲೇ ಕೆಲಸ ಮಾಡುತ್ತವಂತೆ. ಐದು ಲೀಟರಿನ ಪಾತ್ರೆಗೆ ಮೂರು ಸಣ್ಣ ಸೌಟು ಎಂದು ನಿಂತಿತು. ಪುಟದ ಮೇಲ್ಗಡೆ ಅವರು ಬರೆದದ್ದನ್ನು ಕದ್ದು ನೋಡಿದೆ: “ಪ್ರಮಾಣ ನಿರ್ಧರಿಸಿದವರು: ಮುಖ್ಯ ಅಡುಗೆಯವರು.” ನನ್ನ ಸುದ್ದಿ ಒಂದು ವಿಜ್ಞಾನದ ಕಾಗದದಲ್ಲಿ! ಅಕ್ಕನಿಗೆ ಮೂರು ಸಲ ಹೇಳಿದೆ.

ಮಾರ್ಚ್ ೧೮, ಮಂಗಳವಾರ

ಪರೀಕ್ಷೆಯ ಕ್ರಮ ಹೀಗೆ. ನಾನು ಎರಡು ಪಾತ್ರೆ ಸೂಪು ಮಾಡುತ್ತೇನೆ. ಒಂದಕ್ಕೆ ಮಿಶ್ರಣ, ಇನ್ನೊಂದಕ್ಕೆ ಏನೂ ಇಲ್ಲ, ನನ್ನ ಎಂದಿನ ಮಸಾಲೆ, ನಿಂಬೆ ಕೂಡ ಇಲ್ಲ. ಮೇಡಂ ಎರಡರಿಂದಲೂ ಡಬ್ಬಿ ತುಂಬಿ ಪ್ರಯೋಗಾಲಯಕ್ಕೆ ಒಯ್ದು, ಆ ಕ್ರಿಮಿಯ ಬೀಜಗಳನ್ನು ಎಣಿಸಿ ಬೆರೆಸಿ, ಬೇಕೆಂದೇ ನಿಧಾನವಾಗಿ ತಣಿಸುತ್ತಾರೆ. ಉಳಿದ ಸೂಪು ನಮ್ಮ ಹತ್ತು ಜನರ ಊಟ.

ಮೊದಲ ಫಲಿತಾಂಶ ಬಂತು. ಸಾದಾ ಡಬ್ಬಿಯಲ್ಲಿ ನೂರರ ಲೆಕ್ಕದಲ್ಲಿದ್ದದ್ದು ಹತ್ತು ಲಕ್ಷ ದಾಟಿದೆ. ಮಿಶ್ರಣದ ಡಬ್ಬಿಯಲ್ಲಿ ಹಾಕಿದ್ದು ಹಾಕಿದಷ್ಟೇ. ನಾನು ಕುಣಿಯುವುದೊಂದು ಬಾಕಿ. ಮೇಡಂ ಮಾತ್ರ, “ಒಂದು ಸಲ ಆದ್ರೆ ಆಕಸ್ಮಿಕ. ಎರಡು ಸಲ ಆದ್ರೆ ಗುಮಾನಿ. ಮೂರು ಸಲ ಆದ್ಮೇಲೆ ಮಾತಾಡೋಣ” ಎಂದರು. ನಾಲ್ಕು ವರ್ಷ ಕಾದ ಹೆಂಗಸು! ನಾನಾಗಿದ್ದರೆ ಊರೆಲ್ಲ ಡಂಗುರ ಹೊಡೆಸುತ್ತಿದ್ದೆ.

ಮಾರ್ಚ್ ೨೧, ಶುಕ್ರವಾರ

ಎರಡನೆಯದೂ ಹಾಗೆಯೇ ಬಂತು. ಮೇಡಂ ಇವತ್ತು ನಮ್ಮ ಜೊತೆ ಕೂತು ಊಟ ಮಾಡಿದರು. ಕನ್ನಡಕದ ದಾರ ಬಿಚ್ಚಿಹೋಗಿತ್ತು, ಬಿಗಿಯಾಗಿ ಸುತ್ತಿಕೊಟ್ಟೆ. ಮಿಶ್ರಣದ ಪಾತ್ರೆ ಕ್ಷಣದಲ್ಲಿ ಖಾಲಿ. ಸಾದಾ ಪಾತ್ರೆಯನ್ನು ಮುಟ್ಟುವವರಿಲ್ಲ. ಸೌಟಣ್ಣನ ಕೈಗೆ ವಯಸ್ಸಾಯಿತು ಎಂದು ಚಟಾಕಿ ಎಲ್ಲರನ್ನೂ ನಗಿಸಿದಳು. ನಗಲಿ. ಆದರೂ ಚುಚ್ಚಿತು.

ಮಾರ್ಚ್ ೨೫, ಮಂಗಳವಾರ

ಮೂರನೆಯ ಸಲದ ಸೂಪು ಮಾಡಿದೆ. ಮಾಂಸ ಚೆನ್ನಾಗಿತ್ತು, ಎರಡು ಗಂಟೆ ಹತ್ತು ನಿಮಿಷ ಬೆಂದಿತು. ಮೇಡಂ ಬರುವುದು ತಡವಾಯಿತು, ಅಷ್ಟರಲ್ಲಿ ಚಟಾಕಿಯ ದಂಡು ಸೌಟು ಹಿಡಿದು ಬಂತು. ಸಾದಾ ಪಾತ್ರೆಯದನ್ನು ಕುಡಿದು ಒಬ್ಬರೂ ಮಾತಾಡಲಿಲ್ಲ. ಬೈದರೆ ತಡೆದೇನು, ಮರುಕಪಟ್ಟರೆ ಹೇಗೆ ತಡೆಯಲಿ? ಮಿಶ್ರಣದ ಬಾಟಲಿಯಲ್ಲಿ ಉಳಿದಿದ್ದುದನ್ನು ಎರಡು ಸಣ್ಣ ಸೌಟು ಅದಕ್ಕೆ ಹಾಕಿ ತಿರುವಿದೆ. ಈಗ ಬಾಯಿಗೆ ಇಡುವಂತಾಯಿತು. ಮೇಡಂ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತ ಬಂದು ಎರಡೂ ಪಾತ್ರೆಯಿಂದ ಡಬ್ಬಿ ತುಂಬಿಕೊಂಡು ಹೋದರು. ಶುಂಠಿ ಕಷಾಯ ಕುಡಿಯಲು ಹೇಳಿದೆ.

ಮಾರ್ಚ್ ೨೮, ಶುಕ್ರವಾರ

ಎರಡೂ ಡಬ್ಬಿಯಲ್ಲಿ ಏನೂ ಬೆಳೆದಿಲ್ಲ. ಸಾದಾ ಡಬ್ಬಿಯಲ್ಲೂ!

ಮೇಡಂ ಮುಖದಲ್ಲಿ ರಕ್ತವಿಲ್ಲ. ಸಾದಾ ಸೂಪಿನಲ್ಲೂ ಬೆಳೆಯದಿದ್ದರೆ ತಡೆದದ್ದು ಮಿಶ್ರಣ ಎಂದು ಹೇಳುವುದು ಹೇಗೆ? ಬೀಜಗಳು ಸತ್ತಿದ್ದವೋ, ತಣಿಸುವ ಯಂತ್ರ ಕೆಟ್ಟಿತ್ತೋ, ತಾವೇ ಡಬ್ಬಿ ಅದಲುಬದಲು ಮಾಡಿದರೋ ಎಂದು ನಿನ್ನೆಯಿಂದ ತಮ್ಮನ್ನೇ ಜಾಲಾಡಿಕೊಳ್ಳುತ್ತಿದ್ದಾರೆ. ಮೊದಲ ಎರಡು ಸಲದ್ದನ್ನು ಮಾತ್ರ ಸಮಿತಿಗೆ ಕೊಡಿ, ಮೂರನೆಯದನ್ನು ಮರೆತುಬಿಡಿ ಎಂದು ದೊಡ್ಡ ಡಾಕ್ಟರು ನನ್ನೆದುರೇ ಹೇಳಿದರು. “ನನಗೆ ಬೇಡವಾದ್ದು ಬಂತು ಅಂತ ಬಿಸಾಡಿದ್ರೆ, ಬೇಕಾದ್ದು ಬಂದಾಗ ನನ್ನನ್ನ ಯಾರು ನಂಬ್ತಾರೆ ಸರ್?” ಎಂದರು ಮೇಡಂ. ಮಿಶ್ರಣದ ಬಗ್ಗೆ ಖಚಿತವಾಗಿ ಏನೂ ಹೇಳಲಾಗದು ಎಂದೇ ಬರುವ ಶುಕ್ರವಾರ ಸಮಿತಿಗೆ ವರದಿ ಕೊಡುತ್ತಾರಂತೆ. ಇಂಥ ಮನುಷ್ಯರೂ ಇರುತ್ತಾರೆ ಎಂದು ಬೆರಗಾಗಿ ಮನೆಗೆ ಬಂದೆ.

ಊಟಕ್ಕೆ ಕೂತೆ. ಎರಡನೆಯ ತುತ್ತನ್ನು ತಟ್ಟೆಗೇ ಹಾಕಿ ಎದ್ದೆ. ಎರಡು ಸಣ್ಣ ಸೌಟು.

ಮಾರ್ಚ್ ೩೦, ಭಾನುವಾರ

ಹೇಳಿದರೆ ಸಮಿತಿಯವರು ಏನೆನ್ನುತ್ತಾರೆ ಎಂದು ನನಗೆ ಗೊತ್ತು. ಒಮ್ಮೆ ಜನರನ್ನು ಮಲಗಿಸಿದವನು, ಈಗ ಹೇಳಿದ ಮಾತನ್ನೂ ಕೇಳಲಿಲ್ಲ. ಮೊದಲು ಹೋಗುವುದು ನಾನೇ. ಹೇಳದಿದ್ದರೆ ಹತ್ತು ಜನವೂ ಹೋಗುತ್ತೇವೆ, ಮೇಡಂ ನಾಲ್ಕು ವರ್ಷವೂ ಹೋಗುತ್ತದೆ. ಆದರೆ ಆಗ ಯಾರೂ ನನ್ನ ಕಡೆ ಬೆರಳು ತೋರಿಸುವುದಿಲ್ಲ.

ಅಕ್ಕನಿಗೆ ಬಾಯಿಬಿಟ್ಟೆ. “ನಿಂದು ಸುಮ್ನಿರೋ ಕೈಯಲ್ಲ ಬಿಡು, ಹುಟ್ಟಿದಾಗಿಂದ ಅಷ್ಟೇ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆ ಮಡಿಸುತ್ತ, “ಆಯಮ್ಮ ಇನ್ನೂ ತಾನೇ ತಪ್ಪು ಮಾಡ್ದೆ ಅಂದ್ಕೊಂಡು ಕೂತಿರ್ತಾಳಲ್ಲೋ ತಮ್ಮಾ” ಎಂದಳು.

ಅಷ್ಟು ಸಾಕಾಯಿತು.

ಏಪ್ರಿಲ್ ೧, ಮಂಗಳವಾರ

ಪ್ರಯೋಗಾಲಯಕ್ಕೆ ಹೋದೆ. ಉದ್ದ ಕೋಣೆ, ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ, ಅದರ ಮೇಲೆ ಸಾಲು ಸಾಲು ಗಾಜಿನ ಬಟ್ಟಲು. ಒಂದು ಮೂಲೆಯಲ್ಲಿ ತಣಿಸುವ ಯಂತ್ರವನ್ನು ಪೂರ್ತಿ ಬಿಚ್ಚಿ ಹಾಸಿದ್ದರು. ಮೇಡಂ ನೆಲದ ಮೇಲೆ ಕೂತು ಒಂದೊಂದೇ ತಿರುಪು ಒರೆಸುತ್ತಿದ್ದರು. ಇದನ್ನು ನೋಡಿದ ಮೇಲೆ ಬಾಗಿಲಲ್ಲಿ ನಿಂತೇ ಹೇಳಿಬಿಟ್ಟೆ, ಒಂದೇ ಉಸಿರಿಗೆ. ಇವತ್ತಿನ ತಾರೀಖು ನೋಡಿ ತಮಾಷೆ ಎಂದುಕೊಂಡರೋ ಏನೋ, ಮೊದಲು ನಕ್ಕರು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು.

“ಎಷ್ಟು ಹಾಕಿದ್ರಿ?”

“ಎರಡು ಸಣ್ಣ ಸೌಟು.”

“ತುಂಬನಾ, ಸ್ವಲ್ಪ ಕಮ್ಮಿನಾ?”

ಬೈಗುಳಕ್ಕೆ ಸಿದ್ಧನಾಗಿ ಹೋದವನಿಗೆ ಈ ಪ್ರಶ್ನೆ! ನೀರು ತರಿಸಿ ನನ್ನ ಕೈಯಿಂದ ಅಳೆಸಿದರು. ಸೌಟಿಗೆ ಐವತ್ತೆರಡು ಮಿಲಿಲೀಟರ್. ಹಾಗಾದರೆ ಮೂರು ಸೌಟು ಬೇಕಿದ್ದ ಕಡೆ ಎರಡೂ ತಡೆದಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕಣ್ಣಲ್ಲಿ ನೀರಿತ್ತು. ಸಿಟ್ಟಿನದೋ ನೆಮ್ಮದಿಯದೋ ನನಗೆ ಗೊತ್ತಾಗಲಿಲ್ಲ.

“ಏನೂ ಹಾಕ್ಬೇಡಿ ಅಂತ ಹೇಳಿದ್ದೆ. ಯಾಕೆ ಹಾಕ್ಬಾರ್ದು ಅಂತ ಹೇಳಿರ್ಲಿಲ್ಲ” ಎಂದರು ಕೊನೆಗೆ. ನಾನು ನೆಲದ ಮೇಲೆ ಕೂತು ತಿರುಪು ಒರೆಸತೊಡಗಿದೆ. ಸಂಜೆ ಐದೂಮುಕ್ಕಾಲಕ್ಕೆ ಯಂತ್ರ ಜೋಡಿಸಿ ಮುಗಿಸಿದೆವು.

ಏಪ್ರಿಲ್ ೪, ಶುಕ್ರವಾರ

ಸಮಿತಿಯ ಮುಂದೆ ಮೇಡಂ ವರದಿ ಓದಿದರು. ಮೂರನೆಯ ಪರೀಕ್ಷೆ ಕೆಟ್ಟದ್ದಕ್ಕೆ ಕಾರಣ ಪರೀಕ್ಷಕಿಯು ಸರಿಯಾಗಿ ತಿಳಿಸದೇ ಇದ್ದದ್ದು ಎಂದು ಬರೆದಿದ್ದರು. ನನ್ನ ಸುದ್ದಿಯೇ ಇಲ್ಲ. ನನ್ನ ತಪ್ಪನ್ನು ಆಕೆ ತಲೆಯ ಮೇಲೆ ಹೊತ್ತು ನಿಂತಿದ್ದನ್ನು ನೋಡುತ್ತ ಕೂರಲು ಆಗಲಿಲ್ಲ. ಎದ್ದು ನಿಂತು, ಹಾಕಿದವನು ನಾನು, ರುಚಿ ಕೆಟ್ಟಿತೆಂಬ ಜಂಬಕ್ಕೆ ಹಾಕಿದೆ, ಕಂಬಳಿ ಸುತ್ತಿದವನೂ ನಾನೇ ಎಂದೆ.

ಗಲಾಟೆಯಾಯಿತು. ಇವನನ್ನು ಒಲೆಯ ಹತ್ತಿರ ಬಿಡಬೇಡಿ, ಪರೀಕ್ಷೆ ಬೇರೆಯವರು ಮಾಡಲಿ ಎಂದರು. ಆಗ ಮೇಡಂ ಹೇಳಿದ ಮಾತನ್ನು ಇದ್ದ ಹಾಗೇ ಬರೆದಿಡುತ್ತೇನೆ. “ಇವರೇ ಮಾಡ್ಬೇಕು. ಪಾತ್ರೆ ಕಂಡ್ರೆ ಕೈ ತಡೆಯೋಕಾಗದೆ ಇರೋರ ಕೈಯಲ್ಲಿ ಇದು ನಿಂತ್ರೆ, ಯಾರ ಕೈಯಲ್ಲಾದ್ರೂ ನಿಲ್ಲುತ್ತೆ.”

ಇನ್ನೊಂದು ಪರೀಕ್ಷೆಗೆ ಒಂದು ವಾರ ಕೊಟ್ಟಿದ್ದಾರೆ.

ಏಪ್ರಿಲ್ ೮, ಮಂಗಳವಾರ

ಎಂಟೂವರೆಗೆ ಒಲೆ ಹಚ್ಚಿದೆ. ಮಾಂಸ ಎರಡು ಕಿಲೋ, ಉಪ್ಪು ಪಾತ್ರೆಗೆ ನಲವತ್ತು ಗ್ರಾಂ. ಹತ್ತೂ ಐವತ್ತಕ್ಕೆ ಇಳಿಸಿದಾಗ ತೊಂಬತ್ತೇಳು ಡಿಗ್ರಿ. ಮೊದಲ ಪಾತ್ರೆಗೆ ನೂರೈವತ್ತು ಮಿಲಿಲೀಟರ್ ಮಿಶ್ರಣ. ಎರಡನೆಯದಕ್ಕೆ ಏನೂ ಇಲ್ಲ.

ಮೇಡಂ ಬರುವ ತನಕ ನಲವತ್ತು ನಿಮಿಷ ಆ ಸಾದಾ ಪಾತ್ರೆಯ ಎದುರು ಕೂತಿದ್ದೆ. ರುಚಿ ನೋಡಿದೆ. ಸಹಿಸಲಾಗಲಿಲ್ಲ. ಒಂದು ಹಿಡಿ ಕೊತ್ತಂಬರಿ ಸಾಕಿತ್ತು, ಒಂದು ಹೋಳು ನಿಂಬೆ ಸಾಕಿತ್ತು. ಚಟಾಕಿ ನನ್ನನ್ನು ನೋಡಿ ಪಕ್ಕದಲ್ಲಿ ಬಂದು ಕೂತಳು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೇನೆ ಎಂಬುದು ನನಗೆ ಗೊತ್ತಾದದ್ದು ಬೆರಳು ಜೋಮು ಹಿಡಿದಾಗ.

ಮೇಡಂ ಬಂದರು. ಡಬ್ಬಿ ತುಂಬುವ ಮೊದಲು ಸಾದಾ ಪಾತ್ರೆಯಿಂದ ಒಂದು ಚಮಚ ತೆಗೆದು ನಾಲಿಗೆಗೆ ಇಟ್ಟರು. ಮುಖ ಕಿವುಚಿದರು. ಇನ್ನೊಂದು ಚಮಚ ತೆಗೆದುಕೊಂಡರು.

“ತುಂಬಾ ಸಪ್ಪೆ ಇದೆ ಯಜಮಾನ್ರೇ” ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಜನ ಹೊಗಳಿದ್ದಾರೆ. ಯಾವುದೂ ಹೀಗೆ ಹೊಟ್ಟೆಗೆ ಹಾಲು ಹೊಯ್ದಂತೆ ಇರಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಸಾದಾ ಡಬ್ಬಿಯಲ್ಲಿ ಹದಿಮೂರು ಲಕ್ಷ. ಮಿಶ್ರಣದ್ದರಲ್ಲಿ ಹಾಕಿದ್ದು ಹಾಕಿದಷ್ಟೇ. ಮೂರು ಸಲ ಆಯಿತು. ಮೇಡಂ ಈಗ ಮಾತಾಡಿದರು, ಅದೂ ಎರಡೇ ವಾಕ್ಯ. ಮಿಶ್ರಣ ತಡೆಯುತ್ತದೆ. ಆದರೆ ಬೇಗ ತಣಿಸುವ ಕೆಲಸವನ್ನು ಅದಕ್ಕೆ ಬಿಟ್ಟು ಯಾರೂ ಕೈಕಟ್ಟಿ ಕೂರಬಾರದು.

ಸೋಮವಾರ ಅಡುಗೆಮನೆ ತೆರೆಯುತ್ತದೆ. ಆರು ತಿಂಗಳು ಮುಖ್ಯ ಒಲೆ ಚಟಾಕಿಯದು. ನಾನು ತಣಿಸುವವನು. ಸೂಪನ್ನು ಅಗಲ ತಟ್ಟೆಗಳಿಗೆ ಸುರಿದು, ಕೆಳಗೆ ಐಸು ಹಾಕಿದ ನೀರು, ಮೇಲೆ ಫ್ಯಾನು ಇಟ್ಟು, ಅರವತ್ತು ಡಿಗ್ರಿಯಿಂದ ಇಪ್ಪತ್ತಕ್ಕೆ ಎರಡು ಗಂಟೆಯೊಳಗೆ ಇಳಿಸಿ, ತಂಪು ಕೋಣೆಗೆ ಸೇರಿಸುವುದು ನನ್ನ ಪಾಲಿನ ಕೆಲಸ. ಮಾಡಿದ್ದುಣ್ಣೋ ಮಹರಾಯ ಎಂದಳು ಅಕ್ಕ. ಬೇಸರವಾಗುತ್ತದೆ ಎಂದುಕೊಂಡಿದ್ದೆ, ಯಾಕೋ ಆಗಲಿಲ್ಲ. ಚಟಾಕಿಯೇ ಅತ್ತಳು.

ಏಪ್ರಿಲ್ ೧೬, ಬುಧವಾರ

ಇವತ್ತಿನ ಸೂಪು ನಲವತ್ತು ಲೀಟರ್, ನಾಳೆ ಮಧ್ಯಾಹ್ನಕ್ಕೆ. ಚಟಾಕಿ ಅದ್ಭುತವಾಗಿ ಮಾಡಿದ್ದಳು, ನಾನೂ ಹಾಗೆ ಮಾಡಿರಲಿಕ್ಕಿಲ್ಲ. ಮಿಶ್ರಣ ಅಳತೆಯಂತೆ ಬಿದ್ದಿತ್ತು. ಒಂದೂಕಾಲಿಗೆ ಅರವತ್ತು ಡಿಗ್ರಿ. ಎರಡಕ್ಕೆ ಕರೆಂಟು ಹೋಯಿತು. ಫ್ಯಾನು ನಿಂತಿತು, ನೀರು ಬದಲಿಸೋಣವೆಂದರೆ ಪಂಪೂ ಇಲ್ಲ. ರಟ್ಟಿನಿಂದ ಗಾಳಿ ಹಾಕಿದೆ. ಮೂರೂಕಾಲಿಗೆ ಮೂವತ್ತೊಂದು. ಇಪ್ಪತ್ತಕ್ಕೆ ಇಳಿದದ್ದು ನಾಲ್ಕೂ ಹತ್ತಕ್ಕೆ, ಎರಡು ಗಂಟೆ ಐವತ್ತೈದು ನಿಮಿಷ.

ಅಡುಗೆಮನೆಯಲ್ಲಿ ನಾನೊಬ್ಬನೇ. ಮೇಡಂ ತಮ್ಮ ಊರಿಗೆ ಹೋಗಿದ್ದಾರೆ, ಚಟಾಕಿ ಮನೆಗೆ ಹೋಗಿದ್ದಳು. ಮಿಶ್ರಣ ತಡೆದಿರುತ್ತಿತ್ತೇನೋ. ಆ “ಏನೋ” ಮೇಲೆ ಎಂಬತ್ತು ಜನರ ಹೊಟ್ಟೆ ಇಡಲಾಗದು. ಒಂದೊಂದೇ ತಟ್ಟೆ ಎತ್ತಿ ನಲವತ್ತು ಲೀಟರನ್ನೂ ಮೋರಿಗೆ ಸುರಿದೆ. ಕೊನೆಯ ತಟ್ಟೆಯದನ್ನು ಸುರಿಯುವಾಗ ಘಮ ಮುಖಕ್ಕೆ ಬಡಿಯಿತು, ಕೈ ಒಂದು ಕ್ಷಣ ನಿಂತಿತು, ಆಮೇಲೆ ಸುರಿಯಿತು. ತಣಿದ ಹೊತ್ತು ಗುರುತು ಹಾಕುವ ಪಟ್ಟಿಯಲ್ಲಿ ಎರಡು ಗಂಟೆ ಐವತ್ತೈದು ನಿಮಿಷ ಎಂದೇ ಬರೆದು ಸಹಿ ಹಾಕಿದೆ. ನಾಳೆ ಬೆಳಗ್ಗೆ ಐದಕ್ಕೇ ಬಂದು ಇನ್ನೊಂದು ಸಲ ಮಾಡಬೇಕು ಎಂದು ಚಟಾಕಿಗೆ ಫೋನು ಮಾಡಿ ಹೇಳಿದೆ. ಅವಳು ಏನೂ ಚಟಾಕಿ ಹಾರಿಸಲಿಲ್ಲ, ನಾಲ್ಕೂವರೆಗೇ ಬರುತ್ತೇನೆ ಎಂದಳು.

ಇವತ್ತಿನ ಕೆಲಸ ಹೇಗಾಯಿತು ಎಂದು ಅಕ್ಕ ಕೇಳಿದಳು. ಚೆನ್ನಾಗಾಯಿತು ಎಂದು ಹೇಳಿ, ಎರಡು ಸಲ ಬಡಿಸಿಕೊಂಡು ಉಂಡೆ.